ನಾಡಿ ಚೀಟಿಯ ನಾಲ್ಕನೆಯ ಪ್ರಶ್ನೆ

ಕಾನೂನು ಕಾಲೇಜಿನ ಎರಡನೆಯ ಮಹಡಿಯಲ್ಲಿ ಗ್ರಂಥಾಲಯಕ್ಕೆ ಅಂಟಿಕೊಂಡು ಒಂದು ಉದ್ದನೆಯ ಕೋಣೆಯಿತ್ತು. ಅಲ್ಲಿ ಪ್ರತಿ ಸೋಮವಾರ ನಡೆಯುವ ಪಾಠಕ್ಕೆ ವೇಳಾಪಟ್ಟಿಯಲ್ಲಿ 'ಕಾನೂನು ಸಂಶೋಧನೆ ಮತ್ತು ಸಂವಹನ ಕೌಶಲ' ಎಂಬ ಗಂಭೀರವಾದ ಹೆಸರಿತ್ತು. ವಿದ್ಯಾರ್ಥಿಗಳ ಬಾಯಲ್ಲಿ ಅದು 'ನಾಡಿ ಕ್ಲಾಸು'. ಕಲಿಸುವವರು ನಾಡಿ ಮೇಡಂ.

ಆ ಹೆಸರು ಬಂದದ್ದು ಒಂದು ಚೀಟಿಯಿಂದ. ಅಂಗೈಯಗಲದ ಹಳದಿ ಚೀಟಿ. ಯಾರೇ ಆಗಲಿ ತಮ್ಮ ಬರಹದಲ್ಲಿ ಹಳೆಯ ತೀರ್ಪೊಂದನ್ನು ಆಧಾರವಾಗಿ ಕೊಟ್ಟರೆ ಆ ಹಾಳೆಗೆ ಒಂದು ಚೀಟಿ ಸಿಕ್ಕಿಸಿರಬೇಕು. ಚೀಟಿಯಲ್ಲಿ ನಾಲ್ಕು ಪ್ರಶ್ನೆ. ಈ ಮಾತು ಹೇಳಿದವರು ಯಾರು? ಅವರ ಜೊತೆ ಎಷ್ಟು ಮಂದಿ ಒಪ್ಪಿದರು? ಈ ತೀರ್ಪು ಇವತ್ತಿಗೂ ಬದುಕಿದೆಯೆ? ಕೊನೆಯ ಪುಟದವರೆಗೆ ಓದಿದ್ದೀಯಾ?

"ತೀರ್ಪಿಗೂ ಆಯಸ್ಸು ಅಂತ ಇರುತ್ತೆ ಕಣ್ರಪ್ಪ," ಎನ್ನುತ್ತಿದ್ದರು ಮೇಡಂ. "ಮೇಲಿನ ಕೋರ್ಟು ಯಾವತ್ತೋ ಅದರ ಕತೆ ಮುಗಿಸಿರುತ್ತೆ. ನೀವು ಹೆಣ ಹೊತ್ಕೊಂಡು ಹೋಗಿ ಜಡ್ಜ್ ಮುಂದೆ ನಿಲ್ಲಿಸಿ, ಇವರೇ ನನ್ನ ಆಧಾರ ಅಂತೀರಿ. ಹೊರಡೋಕೆ ಮುಂಚೆ ನಾಡಿ ಹಿಡಿದು ನೋಡಿ."

ಆ ಸೋಮವಾರ ಬರಹ ಓದುವ ಸರದಿ ಎಕ್ಸ್‌ಪ್ರೆಸ್ಸಿನದು. ನಾಲ್ಕನೆಯ ವರ್ಷದ ಈ ಹುಡುಗಿಗೆ ಗೆಳತಿಯರು ಆ ಹೆಸರಿಟ್ಟದ್ದು ಸುಮ್ಮನಲ್ಲ. ಮಾತಿಗೆ ಹೊರಟರೆ ಮಧ್ಯದ ಯಾವ ಸ್ಟೇಷನ್ನಿನಲ್ಲೂ ನಿಲ್ಲುತ್ತಿರಲಿಲ್ಲ. ಬುದ್ಧಿ ಚುರುಕು, ನೆನಪು ಇನ್ನೂ ಚುರುಕು. ತಾಳ್ಮೆ ಹಂಚುವ ದಿನ ಮಾತ್ರ ಅವಳು ರಜೆ ಹಾಕಿದ್ದಳೇನೋ.

ಅವಳು ಬರೆದದ್ದು ಕಾಲೇಜಿನ ಉಚಿತ ಕಾನೂನು ನೆರವು ಕೇಂದ್ರಕ್ಕೆ ಬಂದ ನಿಜವಾದ ಕಕ್ಷಿದಾರಳೊಬ್ಬಳ ಬಗ್ಗೆ. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹನ್ನೊಂದು ವರ್ಷ ಇಸ್ತ್ರಿ ಮಾಡಿದವಳು. ಊರಿಗೆಲ್ಲ ಇಸ್ತ್ರಿಯಕ್ಕ. ಹನ್ನೊಂದು ವರ್ಷವಾದರೂ ಆಸ್ಪತ್ರೆಯ ಪುಸ್ತಕದಲ್ಲಿ ತಾತ್ಕಾಲಿಕ ಕೆಲಸಗಾರ್ತಿ. ಆಪರೇಷನ್ ಕೋಣೆಯ ಆರು ಗೌನುಗಳು ಕಾಣೆಯಾದವೆಂದು ಮೂರು ವಾರದ ಹಿಂದೆ ಅವಳನ್ನು ಕೆಲಸದಿಂದ ತೆಗೆದುಹಾಕಿದ್ದರು. ನೋಟಿಸಿಲ್ಲ, ವಿಚಾರಣೆಯಿಲ್ಲ. ಅವಳು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟ ಮೇಲೆ ಆಸ್ಪತ್ರೆಯವರು ಒಂದು ಕಾಗದ ಕಳಿಸಿದರು. ಹಳೆಯ ಸೇವೆಯನ್ನೆಲ್ಲ ಬಿಟ್ಟುಕೊಟ್ಟೆ, ತಪ್ಪಾಯಿತು ಎಂದು ಸಹಿ ಹಾಕಿದರೆ ಇನ್ನೊಂದು ಕಟ್ಟಡದಲ್ಲಿ ಹೊಸಬಳಂತೆ ಸೇರಿಸಿಕೊಳ್ಳುತ್ತಾರಂತೆ. ಸಹಿಗೆ ಗುರುವಾರ ಸಂಜೆಯ ಗಡುವು. ಅಧಿಕಾರಿಯ ಎದುರಿನ ವಿಚಾರಣೆ ಶುಕ್ರವಾರ.

"ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ," ಎಂದು ಎಕ್ಸ್‌ಪ್ರೆಸ್ಸು ಓದಿದಳು. "ಮೂವರು ನ್ಯಾಯಾಧೀಶರ ಪೀಠ ಹೇಳಿದಂತೆ, 'ತಾತ್ಕಾಲಿಕ ಎಂಬುದು ಕೆಲಸದ ಹೆಸರು, ಅದು ಕೆಲಸಗಾರನ ಬಾಯಿಗೆ ಹಾಕಿದ ಬೀಗವಲ್ಲ.'"

ಹಿಂದಿನ ಬೆಂಚಿನಿಂದ ಯಾರೋ "ವಾಹ್" ಎಂದರು.

"ಸಾಲು ಚೆನ್ನಾಗಿದೆ," ಎಂದರು ಮೇಡಂ. "ಎಷ್ಟು ಜನ ಒಪ್ಪಿದ್ರು?"

"ಮೂರು ಜನರ ಪೀಠ ಮೇಡಂ."

"ಎಷ್ಟು ಜನ ಕೂತಿದ್ರು ಅಂತ ಕೇಳಲಿಲ್ಲಮ್ಮ. ಎಷ್ಟು ಜನ ಒಪ್ಪಿದ್ರು?"

ಎಕ್ಸ್‌ಪ್ರೆಸ್ಸು ಮೊದಲ ಸಲ ಸಿಗ್ನಲ್ಲಿಗೆ ನಿಂತಿತು. ಮೇಡಂ ಬಾಗಿಲ ಕಡೆ ನೋಡಿ ಕತ್ತು ಆಡಿಸಿದರು. ಗ್ರಂಥಾಲಯದ ಸಹಾಯಕ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ಕಂದು ರಟ್ಟಿನ ದಪ್ಪ ಸಂಪುಟವೊಂದನ್ನು ತಂದು ಹುಡುಗಿಯ ಮುಂದಿಟ್ಟ. ಪುಟ ಸಿಗಲೆಂದು ನೂಲನ್ನೂ ಇಟ್ಟಿದ್ದ. ಬರಹವನ್ನು ಮೊದಲೇ ನೋಡಿದ್ದ ಮೇಡಂ ಅವನಿಗೆ ಹೇಳಿಟ್ಟಿದ್ದರು.

"ನಿನ್ನ ಸಾಲು ಇಪ್ಪತ್ತೊಂಬತ್ತನೇ ಪುಟದಲ್ಲಿದೆ. ಅಲ್ಲಿಂದ ಮುಂದಕ್ಕೆ ತಿರುಗಿಸ್ತಾ ಹೋಗು."

ಮೂವತ್ತೇಳನೆಯ ಪುಟದಲ್ಲಿ ಆ ನ್ಯಾಯಾಧೀಶರ ಬರಹ ಮುಗಿಯಿತು. ಮೂವತ್ತೆಂಟರಲ್ಲಿ ಉಳಿದಿಬ್ಬರ ಬರಹ ಶುರುವಾಗುತ್ತಿತ್ತು. ಅದರ ಮೊದಲ ವಾಕ್ಯವನ್ನು ಎಕ್ಸ್‌ಪ್ರೆಸ್ಸು ಗಟ್ಟಿಯಾಗಿ ಓದಬೇಕಾಯಿತು. "ನಮ್ಮ ಹಿರಿಯ ಸಹೋದ್ಯೋಗಿಯ ಅಭಿಪ್ರಾಯವನ್ನು ನಾವಿಬ್ಬರೂ, ವಿಷಾದದಿಂದ, ಒಪ್ಪಲಾರೆವು."

ಹಿರಿಯರೆಂಬ ಕಾರಣಕ್ಕೆ ಅವರ ಅಭಿಪ್ರಾಯ ಮೊದಲು ಅಚ್ಚಾಗಿತ್ತು, ಅಷ್ಟೆ. ಮೂವರಲ್ಲಿ ಅವರು ಒಂಟಿ. ಗೆದ್ದದ್ದು ಇಬ್ಬರ ಮಾತು. ಕಾನೂನಾದದ್ದೂ ಅದೇ.

ಮೇಡಂ ಬೈಯಲಿಲ್ಲ. ಹಾಳೆಗೆ ಸಿಕ್ಕಿಸಿದ್ದ ಹಳದಿ ಚೀಟಿಯನ್ನು ಬಿಡಿಸಿ ಅವಳ ಕೈಗೆ ಕೊಟ್ಟರು. ನಾಲ್ಕನೆಯ ಪ್ರಶ್ನೆಯ ಮುಂದೆ ಎಕ್ಸ್‌ಪ್ರೆಸ್ಸು ತನ್ನದೇ ಕೈಯಲ್ಲಿ 'ಹೌದು' ಎಂದು ಬರೆದಿದ್ದಳು. ನೀಲಿ ಇಂಕಿನಲ್ಲಿ, ಅಡಿಗೆರೆ ಬೇರೆ.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಮೇಡಂ ಕೇಳಿದರು. "ಕ್ಲಾಸಲ್ಲಿ ಇದು ಅಂಕದ ವಿಷಯ. ನಾಲ್ಕು ಹೋಯ್ತು ಅಂದ್ಕೋ. ಆದ್ರೆ ಹೊರಗೆ ಯಾರಿಗಾದ್ರೂ ಹೇಳಿದ್ದೀಯಾ ಇದನ್ನ?"

ಮೇಡಂ ನೋಡಿ ಒಪ್ಪುವ ತನಕ ಯಾರಿಗೂ ಸಲಹೆ ಕೊಡಬಾರದೆಂಬುದು ನೆರವು ಕೇಂದ್ರದ ನಿಯಮ. ಆದರೂ ಕಳೆದ ಗುರುವಾರ ಇಸ್ತ್ರಿಯಕ್ಕನನ್ನು ಗೇಟಿನವರೆಗೆ ಬಿಡಲು ಹೋದಾಗ ಹುಡುಗಿಯ ಬಾಯಿ ಸುಮ್ಮನಿರಲಿಲ್ಲ.

"ಹೇಳಿದ್ದೀನಿ ಮೇಡಂ. 'ಸಹಿ ಹಾಕಬೇಡ ಅಕ್ಕ, ಕೇಸು ನಮ್ಮದೇ' ಅಂದೆ. ಅವರು, 'ಹಾಗಾದ್ರೆ ಆ ಕಾಗದ ಒಲೆಗೆ ಹಾಕ್ತೀನಿ' ಅಂದ್ರು."

"ಹಾಕಿದ್ರಂತಾ?"

"ಗೊತ್ತಿಲ್ಲ."

"ಹೋಗಿ ತಿಳ್ಕೊಂಡು ಬಾ. ತಪ್ಪು ಹೇಳ್ದೆ ಅಂತನೂ ಹೇಳಿ ಬಾ."

"ಎರಡು ದಿನ ಟೈಮ್ ಕೊಡಿ ಮೇಡಂ. ಬೇರೆ ಏನಾದ್ರೂ ಆಧಾರ ಹುಡುಕ್ತೀನಿ. ಅದನ್ನ ತಗೊಂಡೇ ಹೋಗ್ತೀನಿ."

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕೈಯಲ್ಲಿ ಸಿಹಿ ಹಿಡ್ಕೊಂಡೇ ತಪ್ಪು ಒಪ್ಕೋತೀನಿ ಅಂದ್ರೆ ಅದು ಒಪ್ಪಿಕೊಳ್ಳೋದಲ್ಲ, ವ್ಯಾಪಾರ. ಇವತ್ತೇ ಬರಿಗೈಯಲ್ಲಿ ಹೋಗು. ಹುಡುಕೋದು ನಾಳೆ ಬೆಳಗ್ಗೆ. ಗ್ರಂಥಾಲಯ ತೆರೆಯೋ ಹೊತ್ತಿಗೆ ನಾನೂ ಬಂದಿರ್ತೀನಿ."

*

ಇಸ್ತ್ರಿಯಕ್ಕನ ಮನೆ ಮೂರು ಮಹಡಿ ಕಟ್ಟಡವೊಂದರ ಮೆಟ್ಟಿಲ ಹಿಂದಿನ ಕೋಣೆ. ಬಾಗಿಲಿಗೆದುರಾಗಿ ಉದ್ದನೆಯ ಮೇಜು, ಅದರ ಮೇಲೆ ಮಡಚಿದ ಹಳೆಯ ಕಂಬಳಿ, ಕಂಬಳಿಯ ಮೇಲೆ ನೆರೆಮನೆಯವರ ಅಂಗಿಗಳು. ಮೂಲೆಯ ಮಂಚದ ಮೇಲೆ ಅವಳ ಅತ್ತೆ ಕಾಲು ಚಾಚಿ ಕೂತಿದ್ದರು. ಅವರಿಗೆ ಕಿವಿ ಮಂದ, ಕಣ್ಣು ಬಲು ಚುರುಕು.

"ಯಾರೇ ಅದು?"

"ಲಾಯರಮ್ಮ, ಅತ್ತೆ."

"ಇಷ್ಟು ಚಿಕ್ಕದಾ?" ಎಂದರು ಅತ್ತೆ.

ಎಕ್ಸ್‌ಪ್ರೆಸ್ಸಿಗೆ ನಗು ಬರಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಕ್ಯಾಲೆಂಡರಿನ ಹಿಂದಿನಿಂದ ಆಸ್ಪತ್ರೆಯ ಕಾಗದದ ಮೂಲೆ ಇಣುಕುತ್ತಿತ್ತು. ಸದ್ಯ, ಒಲೆ ಸೇರಿರಲಿಲ್ಲ. ಅವಳು ನಿಂತೇ ಹೇಳಿದಳು. "ಅಕ್ಕ, ನಾನು ಹೋದ ವಾರ ಹೇಳಿದ್ದು ತಪ್ಪು. ಕೇಸು ನಮ್ಮದೇ ಅಂದೆ. ಹಾಗೆ ಹೇಳೋ ಹಾಗಿಲ್ಲ. ನಾನು ತೀರ್ಪು ಅರ್ಧ ಓದಿದ್ದೆ. ಇನ್ನರ್ಧ ನಮಗೆ ವಿರುದ್ಧ ಇದೆ."

ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ನಿಂತಿತು. ಅಕ್ಕ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಅಷ್ಟು ಸಿಟ್ಟಿನಲ್ಲೂ ಅವಳು ಯಾರದೋ ಅಂಗಿ ಸುಡಲು ಬಿಡಲಿಲ್ಲ.

"ಅರ್ಧ ಓದಿದ್ಯಾ? ನಾನು ಅರ್ಧ ಇಸ್ತ್ರಿ ಮಾಡಿ ಕೊಟ್ರೆ ನೀನು ಹಾಕ್ಕೋತೀಯಾ?"

"ಇಲ್ಲ ಅಕ್ಕ."

"ನಿನ್ನ ಮಾತು ನಂಬ್ಕೊಂಡು ನಾಲ್ಕು ದಿನ ತಲೆ ಎತ್ಕೊಂಡು ಓಡಾಡಿದ್ದೀನಿ ಕಣೇ. ಅಂಗಡಿಯವನಿಗೆ, ಮೇಲಿನ ಮನೆಯವಳಿಗೆ, ಎಲ್ಲರಿಗೂ ಹೇಳಿದ್ದೀನಿ, ಕೇಸು ನಮ್ದೇ ಅಂತ."

"ತಪ್ಪಾಯ್ತು. ಗುರುವಾರದ ತನಕ ಕಾಗದ ಹಾಗೇ ಇಟ್ಕೊಂಡಿರಿ. ಸಹಿ ಹಾಕಲೂ ಬೇಡಿ, ಹರೀಲೂ ಬೇಡಿ. ಬುಧವಾರ ಪೂರ್ತಿ ಓದ್ಕೊಂಡು ಬರ್ತೀನಿ."

"ಬರಬೇಡ. ನೀನು ಹೋಗು."

ಅತ್ತೆ ಮಂಚದಿಂದಲೇ ಕೇಳಿದರು. "ಏನಂತೆ?"

"ಏನಿಲ್ಲ, ಮಗು ತಪ್ಪು ಮಾಡ್ತಂತೆ," ಎಂದಳು ಅಕ್ಕ ಗಟ್ಟಿಯಾಗಿ.

"ಮಾಡಿ ಹೇಳೋಕೆ ಬಂತಾ?" ಅತ್ತೆ ಹುಡುಗಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನೀರು ಕೊಟ್ಟು ಕಳಿಸು."

ಅಕ್ಕ ಲೋಟ ತುಂಬಿ ಕೊಟ್ಟಳು. ಎಕ್ಸ್‌ಪ್ರೆಸ್ಸು ಕುಡಿದು, ಲೋಟ ತೊಳೆದಿಟ್ಟು, ಹೊರಟಳು.

*

ಅವಳ ಅಪ್ಪ ಬೀಗ ರಿಪೇರಿಯವನು. ಮನೆಯ ಮುಂಗೋಣೆಯೇ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿ. ಕಲಿತ ಕಾನೂನನ್ನು ಮನೆಯಲ್ಲಿ ಯಾರಿಗಾದರೂ ಹೇಳಬೇಕು, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಇದು ಮೇಡಂ ಕೊಡುವ ಮನೆಗೆಲಸ. 'ನೀವು ಏನು ಹೇಳಿದ್ರಿ ಅನ್ನೋದು ಲೆಕ್ಕಕ್ಕಿಲ್ಲ, ಅವರು ಏನು ತಿರುಗಿ ಹೇಳಿದ್ರು ಅನ್ನೋದೇ ನೀವು ಹೇಳಿದ್ದು' ಎಂಬುದು ಅವರ ಪಲ್ಲವಿ. ಹೀಗಾಗಿ ನಾಲ್ಕು ವರ್ಷದಲ್ಲಿ ಅಪ್ಪನಿಗೆ ಅರ್ಧ ವಕೀಲಿಕೆ ಬಂದುಬಿಟ್ಟಿತ್ತು.

ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಎಲ್ಲ ಕೇಳಿದ. "ಅಂದ್ರೆ, ಸೋತವರ ಮಾತನ್ನ ಗೆದ್ದವರ ಮಾತು ಅಂತ ಹೇಳ್ಬಿಟ್ಟೆ."

"ಹ್ಞೂಂ."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು." ಅಪ್ಪ ಬೀಗವೊಂದರ ಹೊಟ್ಟೆಗೆ ಸೂಜಿ ಹಾಕಿ ಮೆಲ್ಲಗೆ ಅಲ್ಲಾಡಿಸಿದ. "ಇದರೊಳಗೆ ಐದು ಗುಂಡಿ ಇವೆ ನೋಡು. ನಾಲ್ಕು ಎದ್ವು ಅಂತ ಖುಷೀಲಿ ತಿರುಗಿಸಿದ್ರೆ ಕೀಲಿ ಒಳಗೇ ಮುರೀತು. ಐದನೇದಕ್ಕೂ ಕಾಯ್ಬೇಕು. ಊಟ ಮಾಡಿ ಮಲಗು. ನಾಳೆ ಬೆಳಗ್ಗೆ ಬೇಗ ಏಳಿಸ್ತೀನಿ."

*

ಮಂಗಳವಾರ ಬಾಗಿಲು ತೆರೆಯುವ ಹೊತ್ತಿಗೆ ಅವಳು ಗ್ರಂಥಾಲಯದ ಮೆಟ್ಟಿಲ ಮೇಲಿದ್ದಳು. ಸಹಾಯಕ ಕಿಟಕಿಯ ಪಕ್ಕದ ಮೇಜಿನಲ್ಲಿ ಕಂದು ಸಂಪುಟವನ್ನು ಮೊದಲೇ ಇಟ್ಟಿದ್ದ. ಕುರ್ಚಿಯ ಮೇಲೆ ತನ್ನದೇ ದಿಂಬು ಹಾಕಿದ್ದ. "ತೊಂಬತ್ತೊಂದು ಪುಟ," ಎಂದ. "ಬೆತ್ತದ ಕುರ್ಚೀಲಿ ಆಗಲ್ಲ."

ಮೇಡಂ ಎದುರು ಕೂತು ಬೇರೆ ಯಾವುದೋ ಉತ್ತರ ಪತ್ರಿಕೆಗಳನ್ನು ತಿದ್ದತೊಡಗಿದರು.

"ಇದರಲ್ಲಿ ಉತ್ತರ ಇದೆಯಾ ಮೇಡಂ?"

"ನಾನು ಪೂರ್ತಿ ಓದಿ ಹದಿನೈದು ವರ್ಷ ಆಯ್ತು. ನೆನಪಿಲ್ಲ. ನೆನಪಿದ್ರೂ ಹೇಳ್ತಿರಲಿಲ್ಲ."

ಎಕ್ಸ್‌ಪ್ರೆಸ್ಸು ಮೊದಲ ಪುಟದಿಂದ ಹೊರಟಳು. ಈ ಸಲ ಪ್ಯಾಸೆಂಜರ್ ಗಾಡಿಯ ಹಾಗೆ, ಪ್ರತಿ ಸ್ಟೇಷನ್ನಿನಲ್ಲೂ ನಿಂತು. ಕಾಗದದ ಎಡಬದಿಯಲ್ಲಿ ಆ ಪ್ರಕರಣದ ಸಂಗತಿ, ಬಲಬದಿಯಲ್ಲಿ ಇಸ್ತ್ರಿಯಕ್ಕನ ಸಂಗತಿ. ಅಲ್ಲಿನವನು ಕಾರ್ಖಾನೆಯ ಕಾವಲುಗಾರ, ಅವನೂ ತಾತ್ಕಾಲಿಕ. ಅವನ ಮೇಲೂ ಕಳವಿನ ಆರೋಪ. ಎಡಬಲ ಒಂದೇ ಆಗಿ ಕಂಡಾಗಲೆಲ್ಲ ನಡುವೆ ಒಂದು ಗೆರೆ ಎಳೆಯುತ್ತಿದ್ದಳು. ಐವತ್ತನೆಯ ಪುಟ, ಅರವತ್ತು, ಎಪ್ಪತ್ತು. ಇಬ್ಬರು ನ್ಯಾಯಾಧೀಶರು ಹಿರಿಯರ ಒಂದೊಂದೇ ಮಾತನ್ನು ಎತ್ತಿ ಪಕ್ಕಕ್ಕಿಡುತ್ತ ಹೋಗಿದ್ದರು. ಬೀಗದ ಸಾಲಿಗೂ ಉತ್ತರವಿತ್ತು. ಅದೂ ಚೆನ್ನಾಗಿಯೇ ಇತ್ತು.

ಮಧ್ಯಾಹ್ನ ಅವಳು ತಲೆಯನ್ನು ಪುಸ್ತಕದ ಮೇಲಿಟ್ಟಳು. "ಸತ್ತೆವು ಮೇಡಂ."

"ಎಷ್ಟನೇ ಪುಟ?"

"ಎಂಬತ್ತನಾಲ್ಕು."

"ಇನ್ನೂ ಏಳು ಪುಟ ಉಸಿರಿದೆ."

ಅದು ಸಿಕ್ಕಿದ್ದು ತೊಂಬತ್ತೊಂದನೆಯ ಪುಟದಲ್ಲಿ, ಕೊನೆಯದಕ್ಕಿಂತ ಒಂದು ಪ್ಯಾರಾ ಮೇಲೆ. 'ಈ ಕಾವಲುಗಾರನಿಗೆ ಎರಡು ಬಾರಿ ನೋಟಿಸು ಹೋಗಿತ್ತು. ಅವನು ಎರಡು ಬಾರಿಯೂ ಬರಲಿಲ್ಲ. ಕರೆದರೂ ಬಾರದವನು ತನ್ನನ್ನು ಕೇಳಲಿಲ್ಲವೆಂದು ದೂರುವಂತಿಲ್ಲ. ಕರೆಯನ್ನೇ ಕಳುಹಿಸದ ಪ್ರಕರಣದ ಬಗ್ಗೆ ನಾವು ಇಲ್ಲಿ ಏನನ್ನೂ ಹೇಳುತ್ತಿಲ್ಲ.'

ಅವಳು ಎಡಬದಿಯಲ್ಲಿ ಬರೆದಳು: ಎರಡು ನೋಟಿಸು. ಬಲಬದಿಯಲ್ಲಿ: ಒಂದೂ ಇಲ್ಲ. "ಮೇಡಂ!" ಎಂದು ಕೂಗಿದ ರಭಸಕ್ಕೆ ಸಹಾಯಕ ಏಣಿಯ ಮೇಲಿಂದಲೇ "ಶ್!" ಎಂದ. ಆಮೇಲೆ ಅವನೇ ಇಳಿದು ಬಂದು ಆ ಪ್ಯಾರಾ ಓದಿ ಗೋಣು ಹಾಕಿದ.

ಮೇಡಂ ಎರಡು ಸಲ ಓದಿದರು. "ಬಾಗಿಲು ತೆರೆದಿಲ್ಲ. ಚಿಲಕ ಹಾಕಿಲ್ಲ ಅಷ್ಟೆ. ಮುಂದೇನು ಮಾಡ್ಬೇಕು?"

"ನಾಡಿ ನೋಡ್ಬೇಕು. ಇದಾದ ಮೇಲೆ ಯಾರು ಏನಂದಿದ್ದಾರೆ ಅಂತ."

ಆ ತೀರ್ಪನ್ನು ಹೆಸರಿಸಿದ ಮುಂದಿನ ತೀರ್ಪುಗಳು ಏಳು. ಐದರಲ್ಲಿ ಬರೀ ಹೆಸರಿತ್ತು. ಒಂದರಲ್ಲಿ, ಆ ಪ್ಯಾರಾಕ್ಕೆ ವಿಶೇಷ ಅರ್ಥವಿಲ್ಲ ಎಂದಿದ್ದರು. ಇನ್ನೊಂದರಲ್ಲಿ, ಕರೆಯದೆ ತೆಗೆದುಹಾಕಿದ ಅಡುಗೆಯವಳೊಬ್ಬಳನ್ನು ಕರೆದು ಕೇಳಿ ಎಂದು ಕೇಸನ್ನು ಹಿಂದಕ್ಕೆ ಕಳಿಸಿದ್ದರು. ಒಂದು ಕೈ ಹಿಡಿದಿತ್ತು, ಒಂದು ಕೈ ಕೊಟ್ಟಿತ್ತು. ಎಕ್ಸ್‌ಪ್ರೆಸ್ಸು ಎರಡಕ್ಕೂ ಚೀಟಿ ಬರೆದಳು. ವಿರುದ್ಧವಾದದ್ದನ್ನು ಮೊದಲು ಬರೆದಳು.

*

ಬುಧವಾರ ಸಂಜೆ ಇಸ್ತ್ರಿಯಕ್ಕ ಬಾಗಿಲಲ್ಲೇ ನಿಂತು ಕೇಳಿದಳು. "ಬರಬೇಡ ಅಂದಿದ್ನಲ್ಲ."

"ಪೂರ್ತಿ ಓದ್ಕೊಂಡು ಬರ್ತೀನಿ ಅಂದಿದ್ನಲ್ಲ ಅಕ್ಕ."

ಅಕ್ಕ ಪಕ್ಕಕ್ಕೆ ಸರಿದಳು. ಹುಡುಗಿ ಮಣೆಯ ಮೇಲೆ ಕೂತು, ಒಂದೂ ಕಾನೂನು ಪದ ಬಳಸದೆ, ಅಪ್ಪನಿಗೆ ಹೇಳಿ ಹೇಳಿ ಸವೆಸಿದ ಮಾತಿನಲ್ಲಿ ಎಲ್ಲ ಹೇಳಿದಳು. ಒಂದೊಂದು ವಾಕ್ಯಕ್ಕೂ ನಿಂತಳು. ಕೊನೆಗೆ, "ಈಗ ನೀವು ಅದನ್ನೇ ನನಗೆ ಹೇಳಿ. ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ಬೇಕು," ಎಂದಳು.

ಅಕ್ಕ ಮಡಚುತ್ತಿದ್ದ ಲಂಗವನ್ನು ಮೇಜಿನ ಮೇಲಿಟ್ಟಳು. "ಕೇಳು. ದೊಡ್ಡ ಕೋರ್ಟಲ್ಲಿ ಮೂರು ಜನ. ಒಬ್ರು ನಮ್ಮ ಕಡೆ, ಅವರು ಸೋತ್ರು. ಇಬ್ರು ನಮ್ಮ ಕಡೆ ಇಲ್ಲ. ಆದ್ರೆ ಅವರು ಹೇಳಿದ್ದು ಕರೆದ್ರೂ ಬರದೇ ಇರೋನಿಗೆ. ನನ್ನ ಕರೀಲೇ ಇಲ್ಲ. ಕರೀದೇ ಇರೋರ ವಿಷಯ ಅವರು ಬಾಯಿ ಬಿಟ್ಟಿಲ್ಲ. ಆಮೇಲೆ ಬಂದೋರಲ್ಲಿ ಒಬ್ರು ಹ್ಞೂಂ ಅಂದ್ರು, ಒಬ್ರು ಊಹ್ಞೂಂ ಅಂದ್ರು. ನಮ್ಮ ಆಫೀಸರು ಏನಂತಾರೋ ನಿನಗೂ ಗೊತ್ತಿಲ್ಲ. ಸಹಿ ಹಾಕಿದ್ರೆ ಕೆಲಸ ಖಂಡಿತ, ಹನ್ನೊಂದು ವರ್ಷ ನೀರಲ್ಲಿ ಹೋಮ ಆಯ್ತು, ಕಳ್ಳಿ ಅನ್ನೋ ಹೆಸರು ಉಳೀತು. ಹಾಕದಿದ್ರೆ ಎಲ್ಲಾ ಉಳೀಬಹುದು, ಎಲ್ಲಾ ಹೋಗಲೂಬಹುದು. ಅಷ್ಟೇ ತಾನೆ?"

ಎಕ್ಸ್‌ಪ್ರೆಸ್ಸು ದಂಗಾಗಿ ನೋಡಿದಳು. ತರಗತಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಅಷ್ಟೇ ಅಕ್ಕ. ಏನು ಮಾಡ್ಬೇಕು ಅನ್ನೋದು ನಿಮ್ಮ ಇಷ್ಟ. ನಾನು ಹೇಳಲ್ಲ."

ಅಕ್ಕ ಕ್ಯಾಲೆಂಡರಿನ ಹಿಂದಿನ ಕಾಗದವನ್ನು ತೆಗೆದಳು, ಓದಿದಳು, ಮತ್ತೆ ಅಲ್ಲೇ ಸಿಕ್ಕಿಸಿದಳು. "ಸಹಿ ಹಾಕಲ್ಲ. ಆ ಗೌನು ಎಲ್ಲಿವೆ ಅಂತ ಗೊತ್ತಿದ್ದೂ ತಪ್ಪಾಯ್ತು ಅಂತ ಬರೆದುಕೊಡೋಕೆ ನನಗೇನು ಹುಚ್ಚಾ?"

"ಏನಂದ್ರಿ?"

"ಗೌನು ಎಲ್ಲಿವೆ ಅಂತ ನನಗೆ ಗೊತ್ತು."

ಮಂಚದ ಮೇಲಿನ ಅತ್ತೆ ಕೂಡ ತಲೆ ಎತ್ತಿದರು. ಎಕ್ಸ್‌ಪ್ರೆಸ್ಸಿನ ಬಾಯಿ ತೆರೆದುಕೊಂಡಿತು. "ಯಾಕೆ ಹೇಳಲಿಲ್ಲ ಅಕ್ಕ!"

"ಮ್ಯಾನೇಜರ್ ಹತ್ರ ಹೋದೆ. ನಿನ್ನ ಕತೆ ಕೇಳೋಕೆ ಟೈಮಿಲ್ಲ ಅಂದ. ನಿನ್ನ ಹತ್ರ ಬಂದೆ. ನೀನು ಎಷ್ಟು ವರ್ಷ ಕೆಲಸ, ನೋಟಿಸು ಬಂತಾ, ಸಂಬಳದ ಚೀಟಿ ಇದೆಯಾ ಅಂದೆ. ಬರ‍್ಕೊಂಡೆ. ಆಮೇಲೆ ನೀನೇ ಮಾತಾಡ್ದೆ. ಬಾಯಿಗೆ ಬ್ರೇಕ್ ಹಾಕಿದ್ರೆ ತಾನೆ ನಾನು ಹತ್ತೋದು?"

ಹುಡುಗಿಯ ಕಿವಿ ಕೆಂಪಾದವು. ಅವಳನ್ನು ಯಾರೂ ಕೇಳಲಿಲ್ಲ ಎಂಬುದೇ ತನ್ನ ವಾದ. ಆ ವಾದ ಬರೆಯಲು ಕೂತವಳೂ ಅವಳನ್ನು ಕೇಳಿರಲಿಲ್ಲ. ತೀರ್ಪನ್ನು ಅರ್ಧ ಓದಿದ ಹಾಗೆ ಮನುಷ್ಯಳನ್ನೂ ಅರ್ಧಕ್ಕೇ ಮಡಚಿಟ್ಟಿದ್ದಳು.

ಅವಳು ಟಿಪ್ಪಣಿ ಪುಸ್ತಕ ತೆರೆದಳು. "ಈಗ ಹೇಳಿ ಅಕ್ಕ. ಮಧ್ಯ ಬಾಯಿ ಹಾಕಲ್ಲ."

ಆ ಆರು ಗೌನುಗಳ ಕಟ್ಟುವ ಪಟ್ಟಿ ಹರಿದಿತ್ತು. ಹರಿದದ್ದನ್ನು ಇಸ್ತ್ರಿ ಮಾಡಿ ಕಳಿಸಿದರೆ ಡಾಕ್ಟರು ಎಸೆಯುತ್ತಾರೆಂದು ಅಕ್ಕ ಅವನ್ನು ಹೊಲಿಗೆ ಕೋಣೆಯ ಕಪಾಟಿನಲ್ಲಿಟ್ಟಿದ್ದಳು. ಆ ವಾರ ಹೊಲಿಗೆ ಕೋಣೆಗೆ ಬಣ್ಣ ಹೊಡೆಯಲು ಕಪಾಟನ್ನು ಹಳೆಯ ಎಕ್ಸ್‌ರೇ ಕೋಣೆಗೆ ಸಾಗಿಸಿ ಬೀಗ ಹಾಕಿದರು. ಹೊಲಿಗೆಯವಳು ಹೆರಿಗೆ ರಜೆಯಲ್ಲಿದ್ದಳು. ಆಸ್ಪತ್ರೆಯ ಕಾವಲಿನವನಿಗೂ ಅಕ್ಕ ಹೇಳಿದ್ದಳು. ಅವನ ಬಳಿ ಕೀಲಿ ಇರಲಿಲ್ಲ.

ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ಹುಡುಗಿ ನಿಜಕ್ಕೂ ಒಮ್ಮೆಯೂ ಬಾಯಿ ಹಾಕಲಿಲ್ಲ.

ಹೊರಡುವಾಗ ಅಕ್ಕ ಅವಳ ಕೊರಳ ಪಟ್ಟಿಯನ್ನು ನೋಡಿ ಮುಖ ಸಿಂಡರಿಸಿದಳು. "ಶುಕ್ರವಾರ ಹಾಕ್ಕೊಳ್ಳೋ ಕೋಟು ನಾಳೆ ತಂದು ಕೊಡು. ಇಂಥ ಕಾಲರ್ ಇಟ್ಕೊಂಡು ನನ್ನ ಪರ ಮಾತಾಡ್ತೀಯಾ? ನನ್ನ ಮಾನ ಏನಾಗ್ಬೇಕು?"

*

ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಫೈಲುಗಳ ನಡುವೆ ಒಂದು ಮೇಜು, ಅದರ ಎರಡೂ ಬದಿಗೆ ಬೆಂಚು. ಅಲ್ಲಿ ಮೇಲ್ವಿಚಾರಕರಿದ್ದರೆ ವಿದ್ಯಾರ್ಥಿಗಳೂ ಮಾತಾಡಬಹುದಿತ್ತು. ಮೇಡಂ ಹಿಂದಿನ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತರು. ಆ ಕಡೆ ಆಸ್ಪತ್ರೆಯ ವಕೀಲ, ನರೆತ ಮೀಸೆಯವನು. ಅವನು ಎದ್ದು ಅದೇ ತೀರ್ಪನ್ನು ಮುಂದಿಟ್ಟ. "ತಾತ್ಕಾಲಿಕ ಕೆಲಸಗಾರರಿಗೆ ವಿಚಾರಣೆಯ ಹಕ್ಕಿಲ್ಲ. ಇಬ್ಬರು ನ್ಯಾಯಾಧೀಶರ ಬಹುಮತ. ವಿಷಯ ಮುಗಿಯಿತು."

ಅಧಿಕಾರಿ ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿದರು. "ನೀವೇನಂತೀರಿ?"

ಎಕ್ಸ್‌ಪ್ರೆಸ್ಸು ಎದ್ದಳು. ಕೋಟಿನ ಕಾಲರು ಕತ್ತಿಯ ಹಾಗೆ ನಿಂತಿತ್ತು. ಮಾತು ನಾಲಿಗೆಯ ತುದಿಗೆ ನುಗ್ಗಿ ಬಂತು. ಅವಳು ಅದನ್ನು ಹಿಡಿದಳು. ಒಂದು ಉಸಿರು ತೆಗೆದುಕೊಂಡಳು.

"ವಕೀಲರು ಹೇಳಿದ್ದು ನಿಜ ಸರ್. ಬಹುಮತ ನಮ್ಮ ಪರ ಇಲ್ಲ. ಹಿರಿಯ ನ್ಯಾಯಾಧೀಶರು ನಮ್ಮ ಪರ ಬರೆದಿದ್ದಾರೆ, ಆದರೆ ಅದು ಭಿನ್ನಮತ. ನಾನು ಅದನ್ನ ಆಧಾರ ಮಾಡ್ಕೊಳ್ಳಲ್ಲ."

ಅಧಿಕಾರಿಯ ಪೆನ್ನು ನಿಂತಿತು. ತನಗೆ ವಿರುದ್ಧವಾದದ್ದನ್ನು ಮೊದಲು ಹೇಳುವವರನ್ನು ಅವರು ದಿನಾ ನೋಡುತ್ತಿರಲಿಲ್ಲ.

"ಬಹುಮತದ್ದೇ ಕೊನೆಯ ಪುಟ ಓದ್ತೀನಿ ಸರ್. ತೊಂಬತ್ತೊಂದು." ಅವಳು ನಿಧಾನವಾಗಿ ಓದಿದಳು. ನಾಲ್ಕು ವಾಕ್ಯ, ನಾಲ್ಕು ನಿಲುಗಡೆ. "ಆ ಕಾವಲುಗಾರನ್ನ ಎರಡು ಸಲ ಕರೆದಿದ್ರು. ನಮ್ಮ ಕಕ್ಷಿದಾರರನ್ನ ಒಂದು ಸಲವೂ ಕರೆದಿಲ್ಲ. ಆಮೇಲಿನ ತೀರ್ಪುಗಳಲ್ಲಿ ಒಂದು ನಮಗೆ ವಿರುದ್ಧ, ಒಂದು ನಮ್ಮ ಪರ. ಎರಡೂ ನಿಮ್ಮ ಮುಂದಿವೆ. ನಾವು ಕೇಳ್ತಿರೋದು ಕೆಲಸ ಕೊಡಿ ಅಂತ ಅಲ್ಲ ಸರ್. ಮೊದಲು ಕೇಳಿ ಅಂತ."

ಅವಳು ಕೂತಳು. ನಾಲ್ಕು ನಿಮಿಷವೂ ಆಗಿರಲಿಲ್ಲ.

ಅಧಿಕಾರಿ ವಕೀಲನತ್ತ ತಿರುಗಿದರು. "ಕರೆದಿದ್ರಾ?"

ವಕೀಲ ಫೈಲು ತಿರುವಿದ. ಹಿಂದಕ್ಕೆ, ಮುಂದಕ್ಕೆ. "ದಾಖಲೆಯಲ್ಲಿ ಕಾಣ್ತಿಲ್ಲ ಸರ್," ಎಂದ. ಪಾಪ, ಸುಳ್ಳು ಹೇಳುವವನಲ್ಲ.

"ಹಾಗಾದ್ರೆ ನಾನೇ ಕೇಳ್ತೀನಿ. ಹೇಳಮ್ಮ, ಏನಾಯ್ತು?"

ಇಸ್ತ್ರಿಯಕ್ಕ ಎದ್ದು ಹುಡುಗಿಯ ಮುಖ ನೋಡಿದಳು. ಹುಡುಗಿ ಎರಡೂ ತುಟಿ ಒಳಗೆಳೆದುಕೊಂಡು ಗೋಣು ಹಾಕಿದಳು. ಅಕ್ಕ ಹರಿದ ಪಟ್ಟಿಯಿಂದ ಶುರು ಮಾಡಿದಳು. ಗುಮಾಸ್ತ ತಂದಿಟ್ಟ ಚಹಾ ಅಧಿಕಾರಿಯ ಮುಂದೆ ಕೆನೆಗಟ್ಟಿತು. ಎಕ್ಸ್‌ರೇ ಕೋಣೆಯ ಬೀಗದ ವಿಷಯ ಬಂದಾಗ ಆಸ್ಪತ್ರೆಯ ವಕೀಲ ಕೂಡ ತನ್ನ ಕಡೆಯ ಮ್ಯಾನೇಜರನ್ನು ಪ್ರಶ್ನೆಯ ಕಣ್ಣಲ್ಲಿ ನೋಡಿದ. ಮ್ಯಾನೇಜರು ತನ್ನ ಬೂಟು ನೋಡಿಕೊಂಡ.

ಅರ್ಧ ಗಂಟೆಯಲ್ಲಿ ಆದೇಶ ಟೈಪಾಗಿ ಬಂತು. ತೆಗೆದುಹಾಕಿದ್ದಕ್ಕೆ ಸದ್ಯಕ್ಕೆ ತಡೆ. ಅಕ್ಕ ಸೋಮವಾರದಿಂದ ಹಳೆಯ ಕೆಲಸಕ್ಕೆ ಹೋಗಬೇಕು. ಹದಿನೈದು ದಿನದೊಳಗೆ ಸರಿಯಾದ ವಿಚಾರಣೆ. ಎರಡೂ ಕಡೆಯವರ ಎದುರಿಗೆ ಆ ಕೋಣೆಯ ಬೀಗ ತೆರೆಯಬೇಕು.

ಹೊರಗಿನ ಬೆಂಚಿನಲ್ಲಿ ಅತ್ತೆ ಕಾಯುತ್ತಿದ್ದರು. ಬೇಡವೆಂದರೂ ಬಂದಿದ್ದರು. "ಗೆದ್ರಾ?" ಎಂದು ಇಡೀ ಮೊಗಸಾಲೆಗೆ ಕೇಳುವಂತೆ ಕೂಗಿದರು.

ಎಕ್ಸ್‌ಪ್ರೆಸ್ಸು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಅಕ್ಕ ಅತ್ತೆಯ ಕಿವಿಯ ಬಳಿ ಬಾಗಿದಳು. "ಗೆದ್ದಿಲ್ಲ ಅತ್ತೆ. ಸೋತೂ ಇಲ್ಲ. ಸೋಮವಾರ ಕೆಲಸಕ್ಕೆ ಹೋಗ್ತೀನಿ. ಆ ಬೀಗ ತೆಗೆಸ್ತಾರೆ. ಇವತ್ತು ಕೇಳಿದ್ರು."

"ಯಾರು?"

"ಎಲ್ಲಾರೂ."

ಎಕ್ಸ್‌ಪ್ರೆಸ್ಸು ಕೋಟಿನ ಜೇಬಿನಿಂದ ಹೊಸ ಹಳದಿ ಚೀಟಿಯೊಂದನ್ನು ತೆಗೆದು, ಆದೇಶದ ಪ್ರತಿಯನ್ನು ಬೆಂಚಿನ ಮೇಲಿಟ್ಟು ತುಂಬತೊಡಗಿದಳು. ಮೇಡಂ ಹಿಂದೆ ಬಂದು ನಿಂತರು.

"ನಾಲ್ಕನೇದು?"

"ಓದಿದ್ದೀನಿ ಮೇಡಂ. ಇರೋದೇ ಒಂದು ಪುಟ."

"ಹಿಂಬದಿ?"

ಹುಡುಗಿ ಹಾಳೆ ತಿರುವಿದಳು. ಹಿಂದೆ, ಗುಮಾಸ್ತನ ಮೊಹರಿನ ಕೆಳಗೆ, ಎರಡು ಸಾಲಿತ್ತು. ಅರ್ಜಿದಾರಳ ಪೂರ್ಣ ಹೇಳಿಕೆಯನ್ನು ಮಂಗಳವಾರ ಮಧ್ಯಾಹ್ನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಡೆಯಾಜ್ಞೆ ತೆರವಾಗುವುದು.

ಅವಳು ಮೇಡಂ ಮುಖ ನೋಡಿದಳು. ಮೇಡಂ ಕೈಚೀಲದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದರು. ತುಟಿಯ ಅಂಚಿನಲ್ಲಿ ನಗು ಇತ್ತೋ ಏನೋ.

ಎಕ್ಸ್‌ಪ್ರೆಸ್ಸು ಚೀಟಿಯ ನಾಲ್ಕನೆಯ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದಳು. ಈ ಸಲ ಅಡಿಗೆರೆ ಹಾಕಲಿಲ್ಲ. ಆಮೇಲೆ ಪುಸ್ತಕದ ಹೊಸ ಹಾಳೆ ತೆರೆದು, ಬೆಂಚಿನ ಮೇಲೆ ಅತ್ತೆಯ ಪಕ್ಕ ಜಾಗ ಮಾಡಿಕೊಂಡು ಕೂತಳು.

"ಕೂತ್ಕೊಳ್ಳಿ ಅಕ್ಕ. ಮೊದಲಿಂದ ಹೇಳಿ."

"ಮತ್ತೆ ಎಲ್ಲಾನಾ?"

"ಎಲ್ಲಾನೂ."